ಫ್ರೀಜರ್ ನಿಂತರೆ ಹಂದಿಮಾಂಸ ಎಷ್ಟು ಹೊತ್ತು ಉಳಿದೀತು?

ಪ್ರಶ್ನೆ: ನಮ್ಮದು ತೋಟದ ಮನೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನವಾದರೂ ಬರುವುದಿಲ್ಲ. ಈ ಸಲ ಕರೆಂಟ್ ಇದ್ದೇ ಡೀಪ್ ಫ್ರೀಜರ್ ನಿಂತಿದೆ. ಒಳಗೆ ಹಂದಿಮಾಂಸ, ಮತ್ತಿ ಮೀನು, ಬೇಯಿಸಿದ ಕಣಿಲೆ (ಎಳೆ ಬಿದಿರು) ಇವೆ. ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬಹುದೇ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಮುಚ್ಚಳ ತೆರೆದು ನೋಡುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಮೈನಸ್ 18 ಡಿಗ್ರಿಯಲ್ಲಿದ್ದ ಫ್ರೀಜರ್ ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಣ್ಣಗಿರುತ್ತದೆ, ಮುಚ್ಚಿಯೇ ಇಟ್ಟರೆ ಮಾತ್ರ. ಪ್ಲಗ್ ಕಿತ್ತು ಮೇಲೆ ಕಂಬಳಿ ಹೊದಿಸಿ. ಯಂತ್ರ ಮತ್ತೆ ಓಡುವಾಗ ಕಂಬಳಿ ತೆಗೆಯಲೇಬೇಕು, ಇಲ್ಲವಾದರೆ ಬಿಸಿ ಹೊರಹೋಗದು.

ಅದೇ ಸಾಕೆಟ್‌ಗೆ ಬೇರೆ ಏನಾದರೂ ಹಾಕಿ ನೋಡಿ. ಅದು ಕೆಲಸ ಮಾಡಿ, ಫ್ರೀಜರಿನ ಕಂಪ್ರೆಸರ್ ಮಾತ್ರ ಆಗಾಗ 'ಟಕ್' ಎಂದು ನಿಲ್ಲುತ್ತಿದ್ದರೆ ವೋಲ್ಟೇಜ್ ಇಳಿದಿರಬಹುದು, ಅಥವಾ ರಿಲೇ (ಕಂಪ್ರೆಸರನ್ನು ಚಾಲೂ ಮಾಡುವ ಪುಟ್ಟ ಸ್ವಿಚ್) ಕೆಟ್ಟಿರಬಹುದು. ಆಫ್ ಮಾಡಿದ ಮೇಲೆ ಐದು ನಿಮಿಷ ಬಿಟ್ಟೇ ಆನ್ ಮಾಡಿ. ಒಳಗಿನ ಗ್ಯಾಸಿನ ಒತ್ತಡ ಸಮವಾಗದೆ ಕಂಪ್ರೆಸರ್ ಶುರುವಾಗದು.

ಒಂದು ದಿನದೊಳಗೆ ರಿಪೇರಿ ಆಗದು ಅನ್ನಿಸಿದರೆ ಪಕ್ಕದ ಮನೆಯ ಫ್ರೀಜರೇ ಒಳ್ಳೆಯದು. ಅದಿಲ್ಲದಿದ್ದರೆ ಮೀನಿನಂಗಡಿಯ ಥರ್ಮಾಕೋಲ್ ಪೆಟ್ಟಿಗೆ ಮತ್ತು ಐಸ್ ತನ್ನಿ. ಮೂರು ಪಾಲು ಪುಡಿ ಐಸಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿದರೆ ಸೊನ್ನೆಗಿಂತ ಬಹಳ ಕೆಳಗೆ ಹೋಗುತ್ತದೆ. ಅದನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾಂಸದ ಮೇಲಿಡಿ, ತಂಪು ಕೆಳಗಿಳಿಯುತ್ತದೆ.

ಇನ್ನು ಕರಗಿದ್ದರ ವಿಷಯ. ದೊಡ್ಡ ತುಂಡಿನ ನಡುವೆ ಚಾಕು ಇಳಿಸಿ ನೋಡಿ: ಐಸಿನ ಹರಳು ಸಿಕ್ಕರೆ, ಅಥವಾ ಥರ್ಮಾಮೀಟರ್ 4 ಡಿಗ್ರಿಯೊಳಗೆ ತೋರಿಸಿದರೆ ಮತ್ತೆ ಫ್ರೀಜ್ ಮಾಡಬಹುದು. ರಸ ಸ್ವಲ್ಪ ಇಳಿದು ಮಾಂಸ ಒಣಗಿದಂತಾಗುತ್ತದೆ, ಅಷ್ಟೇ. ಮೆತ್ತಗಾಗಿಯೂ ತಣ್ಣಗೇ ಇರುವ ಹಂದಿಮಾಂಸವನ್ನು ಅಂದೇ ಪಂದಿ ಕರಿ ಮಾಡಿ, ಅಗಲ ಪಾತ್ರೆಗಳಲ್ಲಿ ಬೇಗ ಆರಿಸಿ ಫ್ರೀಜರಿಗೆ ಹಾಕಬಹುದು. 4 ಡಿಗ್ರಿ ದಾಟಿ ಎರಡು ಗಂಟೆಗಿಂತ ಹೆಚ್ಚಾಗಿದ್ದರೆ ಮಾಂಸ, ಮತ್ತಿ, ಕಣಿಲೆ ಯಾವುದನ್ನೂ ಉಳಿಸಿಕೊಳ್ಳಬೇಡಿ. ವಾಸನೆ ಬರಲಿಲ್ಲವೆಂದು ನಂಬಬಾರದು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಚೆನ್ನಾಗಿ ಕುದಿಸಿದರೆ ಸರಿಹೋಗುತ್ತದೆ ಎಂಬ ಮಾತೂ ಬೇಡ: ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗದು.

ಕಕ್ಕಡ (ಕೊಡಗಿನ ಜೋರು ಮಳೆಯ ತಿಂಗಳು) ಬರುವ ಮುಂಚೆ ಫ್ರೀಜರಿನ ಖಾಲಿ ಜಾಗಕ್ಕೆ ಮುಕ್ಕಾಲು ನೀರು ತುಂಬಿದ ಬಾಟಲಿಗಳನ್ನು ಇಡಿ. ಒಂದು ಲೋಟ ನೀರು ಗಟ್ಟಿಯಾದ ಮೇಲೆ ಅದರ ಮೇಲೊಂದು ನಾಣ್ಯವಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳಕ್ಕಿಳಿದಿದ್ದರೆ, ಎಲ್ಲವೂ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದೇ ತಿಳಿಯಿರಿ.