ಓಎಲ್‌ಇಡಿ ಟಿವಿಯಲ್ಲಿ ಚಾನೆಲ್ ಲೋಗೋದ ನೆರಳು ಉಳಿದುಕೊಂಡಿದೆ, ಪಿಕ್ಸೆಲ್ ರಿಫ್ರೆಶ್ ಮಾಡಿದರೆ ಹೋಗುತ್ತಾ?

ನೀವು ಕೇಳಿರುವುದು ಇಷ್ಟು: ಓಎಲ್‌ಇಡಿ ಟಿವಿಯಲ್ಲಿ ದಿನಾ ಐದಾರು ಗಂಟೆ ಒಂದೇ ನ್ಯೂಸ್ ಚಾನೆಲ್ ಓಡುತ್ತದೆ. ಈಗ ಬೇರೆ ಏನು ಹಾಕಿದರೂ ಮೂಲೆಯಲ್ಲಿ ಆ ಲೋಗೋ, ಕೆಳಗೆ ಸುದ್ದಿಪಟ್ಟಿ ಮಸುಕಾಗಿ ಕಾಣುತ್ತಿವೆ. ದಿನಾ ಪಿಕ್ಸೆಲ್ ರಿಫ್ರೆಶ್ ಓಡಿಸಲೇ? ರಾತ್ರಿ ಗೋಡೆಯ ಸ್ವಿಚ್ ಆರಿಸುತ್ತಿರುವುದು ಸರಿಯೇ?

ಎರಡಕ್ಕೂ ನನ್ನ ಉತ್ತರ ಬೇಡ ಎಂದೇ. ಗೋಡೆಯ ಸ್ವಿಚ್ ಆರಿಸುವುದನ್ನಂತೂ ಇವತ್ತಿನಿಂದಲೇ ಬಿಡಿ.

ಓಎಲ್‌ಇಡಿಯಲ್ಲಿ ಹಿಂದಿನಿಂದ ಬೆಳಕು ಕೊಡುವ ದೀಪ ಇರುವುದಿಲ್ಲ, ಪ್ರತಿಯೊಂದು ಸಬ್‌ಪಿಕ್ಸೆಲ್ (ಪರದೆಯ ಒಂದೊಂದು ಚುಕ್ಕೆಯೊಳಗಿರುವ ಕೆಂಪು, ಹಸಿರು, ನೀಲಿಯಂಥ ಒಂದೇ ಬಣ್ಣದ ಬಿಂದು) ತಾನೇ ಬೆಳಗುತ್ತದೆ. ಅದರಲ್ಲಿರುವ ಸಾವಯವ ವಸ್ತು ಉರಿದಷ್ಟೂ ಸವೆಯುತ್ತದೆ. ಸವೆದ ಮೇಲೆ ಅಷ್ಟೇ ಕರೆಂಟಿಗೆ ಮೊದಲಿನಷ್ಟು ಬೆಳಕು ಬರುವುದಿಲ್ಲ. ಇಡೀ ಪರದೆ ಒಂದೇ ಸಮ ಸವೆದರೆ ಯಾರಿಗೂ ಗೊತ್ತಾಗುವುದಿಲ್ಲ. ಲೋಗೋ ಇದ್ದ ಜಾಗ ಅಕ್ಕಪಕ್ಕದ ಜಾಗಕ್ಕಿಂತ ಬೇಗ ಸವೆದಾಗ ಆ ವ್ಯತ್ಯಾಸವೇ ನೆರಳಾಗಿ ಕಾಣುತ್ತದೆ. ಬಿಳಿ ಸಬ್‌ಪಿಕ್ಸೆಲ್ ಕೂಡ ಇರುವ ಪ್ಯಾನೆಲ್‌ಗಳಲ್ಲಿ ಬಿಳಿ ಅಕ್ಷರದ ಭಾರವನ್ನು ಹೆಚ್ಚಾಗಿ ಆ ಬಿಳಿಯದೇ ಹೊರುತ್ತದೆ. ಅಚ್ಚ ಕೆಂಪು ಲೋಗೋ ಬಂದರೆ ಕೆಂಪು ಸಬ್‌ಪಿಕ್ಸೆಲ್ ಒಂಟಿಯಾಗಿ ದುಡಿಯಬೇಕು. ನ್ಯೂಸ್ ಚಾನೆಲ್‌ಗಳ ಕೆಂಪು ಪಟ್ಟಿಗಳು ಇಷ್ಟು ಬೇಗ ಅಚ್ಚೊತ್ತುವುದು ಇದಕ್ಕೇ.

ಆದರೆ ನಿಮ್ಮದು ಬರ್ನ್-ಇನ್ ಎನ್ನುವ ಶಾಶ್ವತ ಸವಕಳಿಯೋ, ತಾತ್ಕಾಲಿಕ ನೆರಳೋ ಎಂಬುದು ಮೊದಲು ತಿಳಿಯಬೇಕು. ಕಂಪ್ಯೂಟರಿನಲ್ಲಿ 3840×2160 ಅಳತೆಯ, ಒಂದೊಂದೇ ಬಣ್ಣ ತುಂಬಿದ ಚಿತ್ರಗಳನ್ನು ಮಾಡಿ ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ: ಕೆಂಪು, ಹಸಿರು, ನೀಲಿ, ಹಳದಿ, ಜೊತೆಗೆ 50 ಶೇಕಡಾ ಬೂದು. ಕೋಣೆಯ ದೀಪ ಆರಿಸಿ ಒಂದೊಂದನ್ನೂ ಪೂರ್ತಿ ಪರದೆಗೆ ಹಾಕಿ ನೋಡಿ. ನೆರಳು ಕೆಂಪಿನಲ್ಲಿ ಗಾಢವಾಗಿದ್ದು ಹಸಿರಿನಲ್ಲಿ ಕಾಣದೇ ಹೋದರೆ ಕೆಂಪು ಸಬ್‌ಪಿಕ್ಸೆಲ್ ಸವೆದಿದೆ ಎಂದು ಧೈರ್ಯವಾಗಿ ಹೇಳಬಹುದು. 5 ಶೇಕಡಾದಂಥ ತುಂಬಾ ಕಪ್ಪುಬೂದು ಹಾಕಿದಾಗ ಮೇಲಿಂದ ಕೆಳಗೆ ತೆಳ್ಳನೆ ಗೀರುಗಳು ಕಂಡರೆ ಗಾಬರಿ ಬೇಡ. ಹೊಸ ಓಎಲ್‌ಇಡಿ ಪ್ಯಾನೆಲ್‌ನಲ್ಲೂ ಅವು ಇರುತ್ತವೆ, ಬರ್ನ್-ಇನ್‌ಗೂ ಅವಕ್ಕೂ ಸಂಬಂಧವಿಲ್ಲ.

ಬೂದು ಚಿತ್ರದ್ದೊಂದು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಟಿವಿಯನ್ನು ರಿಮೋಟ್‌ನಲ್ಲಿ ಮಾತ್ರ ಆಫ್ ಮಾಡಿ, ಗೋಡೆಯ ಸ್ವಿಚ್ ಆನ್ ಇರಲಿ. ಬೆಳಿಗ್ಗೆ ಅದೇ ಚಿತ್ರ, ಅದೇ ಜಾಗ, ಕ್ಯಾಮೆರಾದ ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ನೆರಳು ಮಾಯವಾಗಿದ್ದರೆ ಅದು ತಾತ್ಕಾಲಿಕವಾಗಿತ್ತು, ಅಲ್ಲಿಗೆ ಮುಗಿಯಿತು.

ಸ್ವಿಚ್ ಆರಿಸಬೇಡಿ ಎಂದದ್ದಕ್ಕೆ ಕಾರಣ ಇದೆ. ಎಲ್‌ಜಿಯ ಓಎಲ್‌ಇಡಿ ಟಿವಿಗಳು ಒಟ್ಟು 4 ಗಂಟೆಗಿಂತ ಹೆಚ್ಚು ಓಡಿದ ಮೇಲೆ ರಿಮೋಟ್‌ನಲ್ಲಿ ಆಫ್ ಮಾಡಿದರೆ, ಸ್ಟ್ಯಾಂಡ್‌ಬೈನಲ್ಲಿದ್ದುಕೊಂಡೇ ಕೆಲವು ನಿಮಿಷ ಪಿಕ್ಸೆಲ್‌ಗಳನ್ನು ಅಳೆದು ವೋಲ್ಟೇಜ್ ಸರಿದೂಗಿಸಿಕೊಳ್ಳುತ್ತವೆ. ಉಳಿದ ಕಂಪನಿಗಳ ಟಿವಿಗಳಲ್ಲೂ ಇಂಥದ್ದೇ ವ್ಯವಸ್ಥೆ ಇರುತ್ತದೆ. ಅನೇಕ ಮಾಡೆಲ್‌ಗಳಲ್ಲಿ ಆಫ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ‘ಟಿಕ್’ ಎಂಬ ಸಣ್ಣ ಸದ್ದು ಕೇಳುತ್ತದಲ್ಲ, ಈ ಕೆಲಸ ಮುಗಿಸಿ ರಿಲೇ (ಟಿವಿಯೊಳಗಿನ ಸಣ್ಣ ಸ್ವಿಚ್) ಬಿಟ್ಟುಕೊಂಡ ಸದ್ದು ಅದು. ಕರೆಂಟೇ ಇಲ್ಲದಿದ್ದರೆ ಇದು ನಡೆಯುವುದಾದರೂ ಹೇಗೆ? ಪ್ರತಿ ರಾತ್ರಿ ಸ್ವಿಚ್ ಆರಿಸುತ್ತ ಬಂದ ಟಿವಿಯಲ್ಲಿ ತಾತ್ಕಾಲಿಕ ನೆರಳುಗಳೇ ಒಂದರ ಮೇಲೊಂದು ಸೇರಿ ಬರ್ನ್-ಇನ್‌ನಂತೆ ಕಾಣುವುದುಂಟು. ನಿಮ್ಮ ವಿಷಯದಲ್ಲಿ ನನಗಿರುವ ಆಸೆಯೂ ಅದೇ. ಒಂದು ವಾರ ಸ್ವಿಚ್ ಮುಟ್ಟದೆ ನೋಡಿ.

ವಾರ ಕಳೆದರೂ ನೆರಳು ಹಾಗೇ ಇದ್ದರೆ ಮೆನುವಿನಲ್ಲಿರುವ ಪಿಕ್ಸೆಲ್ ರಿಫ್ರೆಶ್ ಅನ್ನು ಒಂದೇ ಒಂದು ಸಲ ಓಡಿಸಿ. ಪಿಕ್ಸೆಲ್ ಕ್ಲೀನಿಂಗ್, ಪ್ಯಾನೆಲ್ ರಿಫ್ರೆಶ್ ಎಂದೂ ಹೆಸರಿರಬಹುದು. ಸುಮಾರು ಒಂದು ಗಂಟೆ ಹಿಡಿಯುತ್ತದೆ, ನಡುವೆ ಪರದೆಯಲ್ಲಿ ಬಿಳಿ ಗೆರೆ ಬಂದರೆ ಅದು ದೋಷವಲ್ಲ. ಮುಗಿಯುವವರೆಗೆ ಪ್ಲಗ್ ಕೀಳಬೇಡಿ. ಇದನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮಾಡಬೇಡಿ, ಪ್ಯಾನೆಲ್‌ನ ಆಯುಷ್ಯಕ್ಕೆ ಪೆಟ್ಟು ಬೀಳಬಹುದು ಎಂದು ಸೋನಿಯೇ ತನ್ನ ಸೂಚನೆಗಳಲ್ಲಿ ಹೇಳಿದೆ. ಸವೆದ ವಸ್ತುವನ್ನು ಯಾವ ರಿಫ್ರೆಶ್ಶೂ ಮರಳಿ ತರಲಾರದು. ಅದು ಸರಿದೂಗಿಸುವುದು ಮಾತ್ರ, ಅದಕ್ಕೂ ಮಿತಿ ಇದೆ.

ಬಣ್ಣಗಳು ಪಟಪಟ ಬದಲಾಗುವ ‘ಬರ್ನ್-ಇನ್ ತೆಗೆಯುವ’ ವೀಡಿಯೋಗಳನ್ನು ಗಂಟೆಗಟ್ಟಲೆ ಓಡಿಸಲೇಬೇಡಿ. ಅವು ಸವೆದ ಜಾಗವನ್ನು ಇನ್ನಷ್ಟು ಸವೆಸುತ್ತವೆ, ಚೆನ್ನಾಗಿರುವ ಜಾಗವನ್ನೂ ಸವೆಸುತ್ತವೆ. ಎಲ್‌ಸಿಡಿ ಮಾನಿಟರ್‌ನ ಕಥೆ ಬೇರೆ. ಅಲ್ಲಿ ನೆರಳು ಉಳಿಯುವುದು ಸಾಮಾನ್ಯವಾಗಿ ದ್ರವ ಹರಳಿನ ಪದರದಲ್ಲಿ ಚಾರ್ಜ್ ಸೇರಿಕೊಂಡು. ಒಂದು ರಾತ್ರಿ ಆಫ್ ಮಾಡಿಟ್ಟರೆ ಅಥವಾ ಬದಲಾಗುತ್ತಿರುವ ಚಿತ್ರ ಓಡಿಸಿದರೆ ಹೆಚ್ಚಿನ ಸಲ ಹೋಗಿಬಿಡುತ್ತದೆ.

ಮುಂದೆ ನೀವು ಮಾಡಬೇಕಾದ್ದರಲ್ಲಿ ದೊಡ್ಡದು ಬೆಳಕು ತಗ್ಗಿಸುವುದು. ಓಎಲ್‌ಇಡಿ ಲೈಟ್ ಅಥವಾ ಪಿಕ್ಸೆಲ್ ಬ್ರೈಟ್‌ನೆಸ್ ಎಂದಿರುವುದನ್ನು ನ್ಯೂಸ್ ನೋಡುವಾಗ ಕಡಿಮೆ ಮಾಡಿ, ವಿವಿಡ್ ಮೋಡ್ ಬಿಡಿ. ಬೆಳಕು ಅರ್ಧಕ್ಕಿಳಿದರೆ ಪಿಕ್ಸೆಲ್‌ನ ಆಯುಷ್ಯ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ, ಹಾಗಾಗಿ ಸ್ವಲ್ಪ ಇಳಿಸಿದರೂ ಲಾಭವೇ. ಲೋಗೋದ ಹೊಳಪು ತಗ್ಗಿಸುವ ಸೆಟ್ಟಿಂಗ್ ಇದ್ದರೆ ಅದರ ಗರಿಷ್ಠ ಮಟ್ಟಕ್ಕೆ ಇಡಿ, ಪಿಕ್ಸೆಲ್ ಶಿಫ್ಟ್ ಆನ್ ಇರಲಿ. ಪಿಕ್ಸೆಲ್ ಶಿಫ್ಟ್ ಚಿತ್ರವನ್ನು ಸರಿಸುವುದು ಕೆಲವೇ ಪಿಕ್ಸೆಲ್‌ಗಳಷ್ಟು, ಆದ್ದರಿಂದ ಲೋಗೋದ ಅಂಚು ಮಾತ್ರ ಮೃದುವಾಗುತ್ತದೆ, ನಡುವಿನ ಭಾಗ ಸವೆಯುತ್ತಲೇ ಇರುತ್ತದೆ. ನೋಡುವವರಿಲ್ಲದೆ ಬರೀ ಸದ್ದಿಗಾಗಿ ಚಾನೆಲ್ ಓಡುತ್ತಿದ್ದರೆ ಪರದೆ ಆಫ್ ಮಾಡಿ ಧ್ವನಿ ಮಾತ್ರ ಉಳಿಸುವ ಆಯ್ಕೆ ಬಳಸಿ.

ಹೆಚ್ಚಿನ ಕಂಪನಿಗಳ ವಾರಂಟಿಯಲ್ಲಿ ಬರ್ನ್-ಇನ್ ಸೇರಿರುವುದಿಲ್ಲ, ಆದರೂ ನಿಮ್ಮ ಕಾರ್ಡನ್ನು ಒಮ್ಮೆ ಓದಿಕೊಳ್ಳಿ. ಸರ್ವಿಸ್‌ನವರನ್ನು ಕರೆಯುವುದಾದರೆ ಕೆಂಪು ಮತ್ತು ಬೂದು ಚಿತ್ರಗಳಿರುವ ಪೆನ್ ಡ್ರೈವ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಓಡುತ್ತಿರುವ ಸಿನಿಮಾದ ಮೇಲೆ ಆ ನೆರಳನ್ನು ತೋರಿಸುವುದು ಕಷ್ಟ.