ಸಿಯಾಟಲ್‌ಗೆ ಬಂದ ಮೇಲೂ ಪ್ರೀಮಿಯರ್ ಲೀಗ್ ನೋಡೋಕಾಗುತ್ತಾ? ಇಲ್ಲಿನ ಎಂಎಲ್‌ಎಸ್ ನೋಡೋ ಹಾಗಿದೆಯಾ?

ಓದೋಕೆ ಸಿಯಾಟಲ್‌ಗೆ ಬರ್ತಿದ್ದೀನಿ, ಶನಿವಾರದ ಇಂಗ್ಲೆಂಡ್ ಫುಟ್‌ಬಾಲ್ ಪಂದ್ಯಗಳು ತಪ್ಪಿಹೋಗ್ತವಾ, ಅಮೆರಿಕದ ಫುಟ್‌ಬಾಲ್ ಲೀಗ್ ಎಂಎಲ್‌ಎಸ್ ಸುಮ್ನೆ ಟೈಂಪಾಸಾ ಅಂತ ಕೇಳಿದ್ದೀರಿ. ನಾನು ಇಲ್ಲೇ ನೆಲೆಸಿದವನು. ಊರಿನ ತಂಡ ಸೌಂಡರ್ಸ್, ಇಂಗ್ಲೆಂಡಿನಲ್ಲಿ ಫುಲಂ. ಎರಡನ್ನೂ ಬಿಟ್ಟಿಲ್ಲ.

ಮೊದಲನೇ ಪ್ರಶ್ನೆಗೆ ಉತ್ತರ ಸುಲಭ. ಇಂಗ್ಲೆಂಡಿನವರಿಗಿಂತ ಜಾಸ್ತಿ ಪಂದ್ಯ ಇಲ್ಲಿ ನೋಡಬಹುದು. ಅಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಗೆ ಶುರುವಾಗುವ ಪಂದ್ಯಗಳನ್ನು ಟಿವಿಯಲ್ಲಿ ನೇರ ತೋರಿಸುವ ಹಾಗಿಲ್ಲ. ದೊಡ್ಡ ತಂಡದ ಆಟ ಮನೆಯಲ್ಲೇ ಸಿಕ್ಕಿಬಿಟ್ಟರೆ ಜನ ತಮ್ಮೂರಿನ ಸಣ್ಣ ಕ್ಲಬ್ಬಿನ ಮೈದಾನಕ್ಕೆ ಬರುವುದಿಲ್ಲ ಅನ್ನೋ ಭಯಕ್ಕೆ 1960ರ ದಶಕದಲ್ಲಿ ಬಂದ ಕಟ್ಟುಪಾಡು ಅದು. ಹಾಗಾಗಿ ಫುಲಂ ಸ್ಟೇಡಿಯಂ ಪಕ್ಕದ ಬೀದಿಯವರಿಗೆ ಟಿವಿಯಲ್ಲಿ ಕಾಣದ ಪಂದ್ಯ ಎಂಟು ಗಂಟೆ ಹಿಂದಿರುವ ಸಿಯಾಟಲ್‌ನಲ್ಲಿ ನನಗೆ ಕಾಣುತ್ತದೆ. ಚಂದಾ ಕಟ್ಟಬೇಕು, ಅದು ಬೇರೆ ಮಾತು.

ಕಷ್ಟ ಇರುವುದು ನಿದ್ದೆಯದ್ದು. ಅಲ್ಲಿನ 3 ಗಂಟೆ ಅಂದರೆ ಇಲ್ಲಿ ಬೆಳಿಗ್ಗೆ 7, ತೊಂದರೆ ಇಲ್ಲ. ಆದರೆ 12.30ರ ಪಂದ್ಯ ಇಲ್ಲಿ 4.30ಕ್ಕೆ. ಮಾರ್ಚಿನಲ್ಲಿ ಅಮೆರಿಕದವರು ಗಡಿಯಾರವನ್ನು ಬೇಗ ಮುಂದಕ್ಕೆ ತಿರುಗಿಸುವುದರಿಂದ ಕೆಲವು ವಾರ ಅಂತರ ಏಳೇ ಗಂಟೆ. ಅಕ್ಟೋಬರ್ ಕೊನೆಯಲ್ಲೂ ಒಂದು ವಾರ ಹಾಗೇ. ಇದನ್ನು ನೆನಪಿಟ್ಟುಕೊಳ್ಳಿ, ಗೊಂದಲ ಆಗುತ್ತೆ. ಪಬ್ಬಿಗೆ ಹೋಗಿ ನೋಡ್ತೀನಿ ಅಂದರೆ ಈ ರಾಜ್ಯದಲ್ಲಿ ಬೆಳಿಗ್ಗೆ 6ಕ್ಕೆ ಮುಂಚೆ ಮದ್ಯ ಮಾರುವಂತಿಲ್ಲ. 4.30ಕ್ಕೆ ಬಂದವರೆಲ್ಲ ಕ್ಲಬ್ ಜೆರ್ಸಿ ಹಾಕಿಕೊಂಡು, ಕಣ್ಣು ಉಜ್ಜಿಕೊಂಡು, ಕಾಫಿ ಹಿಡಿದು ಕೂತಿರುತ್ತಾರೆ. ಮೊದಲ ಬಿಯರ್ ಬರುವಷ್ಟರಲ್ಲಿ ಪಂದ್ಯ ಮುಗಿಯುವ ಹಂತಕ್ಕೆ ಬಂದಿರುತ್ತದೆ.

ಫುಲಂ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಲಂಡನ್ನಿನಲ್ಲಿ ಥೇಮ್ಸ್ ನದಿ ದಂಡೆಯ ಆ ಕ್ಲಬ್ಬಿಗೂ ಅಮೆರಿಕಕ್ಕೂ ಹಳೇ ನಂಟು. ಬ್ರಯಾನ್ ಮೆಕ್‌ಬ್ರೈಡ್, ಕ್ಲಿಂಟ್ ಡೆಂಪ್ಸಿ, ಈಚಿನ ತನಕ ಟಿಮ್ ರೀಮ್ ಎಲ್ಲ ಅಲ್ಲಿ ಆಡಿದವರು. ಮೆಕ್‌ಬ್ರೈಡ್ ಹೆಸರಿನ ಬಾರ್ ಒಂದನ್ನು ಅವರ ಸ್ಟೇಡಿಯಂ ಕ್ರೇವನ್ ಕಾಟೇಜ್‌ನಲ್ಲೇ ಮಾಡಿದ್ದರು. 2010ರಲ್ಲಿ ಇಟಲಿಯ ಯುವೆಂಟಸ್ ತಂಡದ ಮೇಲೆ ಡೆಂಪ್ಸಿ ಪೆನಾಲ್ಟಿ ಬಾಕ್ಸಿನ ಅಂಚಿನಿಂದ ಚೆಂಡನ್ನು ಮೆಲ್ಲಗೆ ಎತ್ತಿ ಗೋಲ್‌ಕೀಪರ್ ತಲೆ ಮೇಲಿಂದ ಬಲೆಗೆ ಇಳಿಸಿದ್ದು ಈಗಲೂ ಹುಡುಕಿ ನೋಡುವಂಥದ್ದು. ಮೂರು ವರ್ಷ ಬಿಟ್ಟು ಅದೇ ಡೆಂಪ್ಸಿ ಸೌಂಡರ್ಸ್‌ಗೆ ಬಂದ. ಗೋಲ್‌ಕೀಪರ್ ಕೇಸಿ ಕೆಲ್ಲರ್ ಕೂಡ ಫುಲಂ ಬಿಟ್ಟ ಮೇಲೆ ಸೌಂಡರ್ಸ್‌ಗೇ ಬಂದಿದ್ದ. ಅವನು ಈ ರಾಜ್ಯದವನೇ. ನನಗೆ ಎರಡೂ ಕ್ಲಬ್ ಒಟ್ಟಿಗೇ ಗಂಟು ಬಿದ್ದಿದ್ದು ಹೀಗೆ.

ಈಗ ಎರಡನೇ ಪ್ರಶ್ನೆ. ಆಟದ ಮಟ್ಟ ನೋಡಿದರೆ ಪ್ರೀಮಿಯರ್ ಲೀಗ್ ಮುಂದೆ ಎಂಎಲ್‌ಎಸ್ ಬಹಳ ಕೆಳಗೆ. ಅದರಲ್ಲಿ ವಾದ ಇಲ್ಲ. ಆದರೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಅದಲ್ಲ. ಇಲ್ಲಿ ಸೋತರೂ ಬೆಲೆ ತೆರಬೇಕಾಗಿಲ್ಲ. ಎಂಎಲ್‌ಎಸ್ ನಮ್ಮ ಐಪಿಎಲ್ ಥರ: ಸಂಬಳಕ್ಕೆ ಮಿತಿ, ಕೊನೆಗೆ ಪ್ಲೇಆಫ್, ಕಡೇ ಸ್ಥಾನಕ್ಕೆ ಬಂದರೂ ಮುಂದಿನ ವರ್ಷ ಅದೇ ಲೀಗ್. 2022ನ್ನೇ ನೋಡಿ. ಆ ವರ್ಷ ಮೇ ತಿಂಗಳಲ್ಲಿ ಸೌಂಡರ್ಸ್ ಮೆಕ್ಸಿಕೊದ ಪೂಮಾಸ್ ತಂಡವನ್ನು ಸೋಲಿಸಿ ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕ್ಲಬ್‌ಗಳ ಕಾನ್ಕಕಾಫ್ ಚಾಂಪಿಯನ್ಸ್ ಲೀಗ್ ಗೆದ್ದರು. ಸ್ಟೇಡಿಯಂನಲ್ಲಿ 68 ಸಾವಿರಕ್ಕೂ ಹೆಚ್ಚು ಜನ. ಅದೇ ವರ್ಷ, 2009ರಲ್ಲಿ ಲೀಗಿಗೆ ಬಂದ ಮೇಲೆ ಮೊದಲ ಸಲ, ಪ್ಲೇಆಫ್ ಕೂಡ ಮುಟ್ಟಲಿಲ್ಲ. ಬೇಜಾರಾಯ್ತು, ಅಷ್ಟೇ. ಮುಂದಿನ ವರ್ಷ ಮತ್ತೆ ಅದೇ ತಂಡಗಳ ಜೊತೆ ಆಟ.

ಫುಲಂಗೆ ಈ ಭಾಗ್ಯ ಇಲ್ಲ, ಇಂಗ್ಲೆಂಡಿನಲ್ಲಿ ಕಡೇ ಸ್ಥಾನಗಳಿಗೆ ಬಂದವರು ಕೆಳಗಿನ ಲೀಗಿಗೆ ಇಳಿಯಬೇಕು. 2008ರಲ್ಲಿ ಕೊನೆಯ ದಿನ ಪೋರ್ಟ್ಸ್‌ಮತ್‌ನಲ್ಲಿ ಡ್ಯಾನಿ ಮರ್ಫಿ ತಲೆಯಿಂದ ಹೊಡೆದ ಒಂದು ಗೋಲಿನಿಂದ ಉಳಿದುಕೊಂಡರು. ಫುಲಂಗೆ 36 ಪಾಯಿಂಟ್, ರೆಡಿಂಗ್‌ಗೂ 36. ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು) ರೆಡಿಂಗ್ ಕೆಳಗಿನ ಲೀಗಿಗೆ ಹೋಯ್ತು. 17ನೇ ಸ್ಥಾನಕ್ಕೆ ಬಂದ ತಂಡದ ಅಭಿಮಾನಿಗಳು ಕಪ್ ಗೆದ್ದವರ ಹಾಗೆ ಕುಣಿದರು. 2014ರಲ್ಲಿ ಅಂಥ ಅದೃಷ್ಟ ಇರಲಿಲ್ಲ. ಇಳಿದವರು ಮತ್ತೆ ಮೇಲೆ ಬಂದಿದ್ದು 2018ರಲ್ಲಿ. ಆಮೇಲೂ 2019ರಲ್ಲಿ ಕೆಳಗೆ, 2020ರಲ್ಲಿ ಮೇಲೆ, 2021ರಲ್ಲಿ ಕೆಳಗೆ, 2022ರಲ್ಲಿ ಮೇಲೆ. ರಕ್ತದೊತ್ತಡ ಇರುವವರು ದಯವಿಟ್ಟು ಬೇರೆ ಕ್ಲಬ್ ನೋಡಿಕೊಳ್ಳಿ.

ಹಾಗಿದ್ದರೂ ಸೌಂಡರ್ಸ್ ಯಾಕೆ ಅಂದರೆ, ಅಲ್ಲಿಗೆ ನಡೆದುಕೊಂಡು ಹೋಗಬಹುದು. ಪಂದ್ಯದ ದಿನ ಪಯನೀರ್ ಸ್ಕ್ವೇರ್ ಕಡೆಯಿಂದ ಅಭಿಮಾನಿಗಳು ಹಾಡಿಕೊಂಡು ಸೌಂಡರ್ಸ್ ಆಡುವ ಸ್ಟೇಡಿಯಂ ಲುಮೆನ್ ಫೀಲ್ಡ್ ತನಕ ಮೆರವಣಿಗೆ ಹೋಗುತ್ತಾರೆ. ಸ್ಟೇಡಿಯಂ ಪಕ್ಕದಲ್ಲೇ ರೈಲು ಹಳಿ. ಕಾರ್ನರ್ ಕಿಕ್‌ಗೆ ಎಲ್ಲರೂ ಉಸಿರು ಹಿಡಿದಿರುವಾಗ ಗೂಡ್ಸ್ ರೈಲು ಹಾರ್ನ್ ಹೊಡೆದುಕೊಂಡು ಹೋಗುತ್ತದೆ, ಜನ ಅದಕ್ಕೂ ಕೂಗುತ್ತಾರೆ. ಜನರಲ್ ಮ್ಯಾನೇಜರ್ ಇರಬೇಕಾ ಬೇಡವಾ ಅಂತ ನಾಲ್ಕು ವರ್ಷಕ್ಕೊಮ್ಮೆ ಅಭಿಮಾನಿಗಳೇ ಓಟು ಹಾಕುವ ಪದ್ಧತಿ ಈ ಕ್ಲಬ್ಬಿನಲ್ಲಿದೆ. ಫುಲಂನಲ್ಲಿ ನನ್ನ ಮಾತು ಯಾರು ಕೇಳ್ತಾರೆ ಹೇಳಿ?

ನೀವು ಬಂದ ಮೇಲೆ ಮೊದಲ ಟಿಕೆಟ್ ಪೋರ್ಟ್‌ಲ್ಯಾಂಡ್ ಟಿಂಬರ್ಸ್ ವಿರುದ್ಧದ ಪಂದ್ಯಕ್ಕೇ ತಗೊಳ್ಳಿ. ಪಕ್ಕದೂರಿನ ಜಗಳ, ಆಟ ಕೆಟ್ಟದಾಗಿದ್ದರೂ ದುಡ್ಡು ವಸೂಲು. ದಕ್ಷಿಣದ ಗೋಲಿನ ಹಿಂದೆ ಸೀಟು ಸಿಕ್ಕರೆ ಕೂರುವ ಆಸೆ ಬಿಡಿ, ಅಲ್ಲಿ ಪೂರ್ತಿ 90 ನಿಮಿಷ ನಿಂತೇ ನೋಡುತ್ತಾರೆ. ರೇನ್‌ಕೋಟ್ ಇರಲಿ. ಛತ್ರಿ ತರಬೇಡಿ, ಹಿಂದಿನವರು ಬೈತಾರೆ.