ಅಣು ಸ್ಥಾವರದಲ್ಲಿ ಆಕ್ಸಿಡೆಂಟ್ ಆದ್ಮೇಲೆ ಕ್ಲೀನಿಂಗು, ರೀಸ್ಟಾರ್ಟು ಎಲ್ಲ ಕಂಪನಿನೇ ತೀರ್ಮಾನ ಮಾಡುತ್ತಾ?

ಇಲ್ಲ. ಕೆಲಸ ಮಾಡೋದು ಕಂಪನಿ, ಆದ್ರೆ ದೊಡ್ಡ ಹೆಜ್ಜೆ ಯಾವುದಕ್ಕೇ ಆದ್ರೂ ರೆಗ್ಯುಲೇಟರ್, ಅಂದ್ರೆ ಸರ್ಕಾರದ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಬೇಕು. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರ ನೋಡಿ, 1979 ಮಾರ್ಚ್ 28ಕ್ಕೆ ಎರಡನೇ ಯುನಿಟ್‌ನ ಕೋರ್ (ಅಣು ಇಂಧನ ಇರೋ ಒಳಭಾಗ) ಅರ್ಧದಷ್ಟು ಕರಗಿಹೋಯ್ತು, ಕಟ್ಟಡದೊಳಗೆ ಕ್ರಿಪ್ಟಾನ್-85 ಅನ್ನೋ ವಿಕಿರಣ ಸೂಸೋ ಗ್ಯಾಸ್ ತುಂಬ್ಕೊಂಡಿತ್ತು, ಅದನ್ನ ಹೊರಗೆ ಬಿಡದೆ ಒಳಗೆ ಕೆಲಸ ಮಾಡೋ ಹಾಗಿರ್ಲಿಲ್ಲ, ಊರವರಿಗೋ ಭಯ, ಕಡೆಗೆ ಅಲ್ಲಿನ ಅಣು ನಿಯಂತ್ರಣ ಆಯೋಗ ಪರಿಶೀಲನೆ ಮಾಡಿ ಪರ್ಮಿಷನ್ ಕೊಟ್ಮೇಲೆನೇ 1980ರ ಜೂನ್ ಕೊನೇಲಿ ಸ್ವಲ್ಪ ಸ್ವಲ್ಪವಾಗಿ ಬಿಡೋಕೆ ಶುರು ಮಾಡಿದ್ದು. ಜುಲೈನಲ್ಲಿ ಇಬ್ಬರು ಎಂಜಿನಿಯರ್‌ಗಳು ಮೊದಲ ಸಲ ಒಳಗೆ ಹೋದ್ರು. ಕ್ಲೀನಿಂಗ್ ಮುಗಿದಿದ್ದು 1993ರಲ್ಲಿ, ಖರ್ಚು ಸುಮಾರು 100 ಕೋಟಿ ಡಾಲರ್.

ರೀಸ್ಟಾರ್ಟ್ ಕಥೆ ಇನ್ನೂ ಉದ್ದ. ಪಕ್ಕದ ಮೊದಲನೇ ಯುನಿಟ್‌ಗೆ ಏನೂ ಆಗಿರ್ಲಿಲ್ಲ, ಆದ್ರೂ ಆಯೋಗ ನಾವು ಹೇಳೋವರೆಗೂ ಶುರು ಮಾಡಬೇಡಿ ಅಂತ ಆರ್ಡರ್ ಮಾಡ್ತು. ಹಿಯರಿಂಗ್‌ನಲ್ಲಿ ಮೆಷಿನ್ ಜೊತೆಗೆ ಮನುಷ್ಯರನ್ನೂ ಜಾಲಾಡಿದ್ರು, ಆಪರೇಟರ್‌ಗಳ ಟ್ರೈನಿಂಗು, ಲೈಸೆನ್ಸ್ ಪರೀಕ್ಷೇಲಿ ಕಾಪಿ ಹೊಡೆದಿದ್ದು, ಮ್ಯಾನೇಜ್‌ಮೆಂಟನ್ನ ನಂಬಬಹುದಾ ಅನ್ನೋದು ಕೂಡ, ಅದೇ ಸರಿಯಾದ ಕ್ರಮ ಅಂತೀನಿ ನಾನು. ಕೋರ್ಟ್ ಕೇಸುಗಳನ್ನೂ ದಾಟಿ 1985ರ ಅಕ್ಟೋಬರ್‌ನಲ್ಲಿ ಶುರುವಾಯ್ತು. 1982ರಲ್ಲಿ ಸುತ್ತಲಿನ ಮೂರು ಕೌಂಟಿ (ಜಿಲ್ಲೆ ಥರ) ಜನ ವೋಟ್ ಹಾಕಿ ಬೇಡ ಅಂದಿದ್ರು, ಆದ್ರೆ ಆ ವೋಟಿಗೆ ಕಾನೂನಿನ ಬಲ ಇರ್ಲಿಲ್ಲ, ಇದು ಮಾತ್ರ ನನಗೆ ಈಗ್ಲೂ ಸರಿ ಅನ್ಸಲ್ಲ.